ಎದೆಗೆ ಸಾಲದ ಕೌದಿ

ತೊಂಬತ್ತರ ದಶಕದ ಆರಂಭದ ಮಾತು. ಹೆರಿಗೆಯಾಗಿ ಐದು ತಿಂಗಳು ನಿಪ್ಪಾಣಿಯ ತವರಿನಲ್ಲಿದ್ದು, ಕೂಸಿನೊಂದಿಗೆ ಗಂಡನ ಊರಿಗೆ ಹೊರಟಾಗ ಅವ್ವ ರೂಢಿಯಂತೆ ಕೂಸಿನ ತಲೆಗೆ ಕುಲಾವಿ, ನಾಲ್ಕು ಕಾಲಿನ ಕಟ್ಟಿಗೆ ತೊಟ್ಟಿಲು, ಕೌದಿ ಎಲ್ಲ ಕೊಟ್ಟಳು. ಕೌದಿ ಮಾತ್ರ ನೋಡಿದವರು ನಗುವಂತಿತ್ತು. ಮಲಗಿದ ಕೂಸಿನ ಕಂಕುಳಿಂದ ಪಾದದವರೆಗೆ ಗೇಣು ಹಾಕಿ ಅಳೆದು, ಎರಡೇ ಪದರು ಹಳೆ ಸೀರೆ ಸೇರಿಸಿ ಹೊಲಿದಿದ್ದಳು. ನಮ್ಮ ಕಡೆ ತವರಿನ ಕೌದಿಯೆಂದರೆ ಮನೆಯ ಹೆಂಗಸರ ಸೀರೆಗಳೆಲ್ಲ ಪದರು ಪದರಾಗಿ ಕೂತಿರಬೇಕು. ಎತ್ತಿದರೆ ಕೈ ಸೋಲಬೇಕು.

ಅಥಣಿ ತಾಲೂಕಿನ ನಮ್ಮ ಮನೆಯ ಕಟ್ಟೆಯ ಮೇಲೆ ಅತ್ತೆ ಅದನ್ನು ಬಿಡಿಸಿ ಓಣಿಯ ಹೆಂಗಸರಿಗೆ ತೋರಿಸಿದರು.

“ಕಾಲಿಗೆ ಹೊಚ್ಚಿದ್ರ ಎದಿಗಿಲ್ಲ, ಎದಿಗೆ ಹೊಚ್ಚಿದ್ರ ಕಾಲಿಗಿಲ್ಲ. ನಿಮ್ಮವ್ವಗ ಅರಿವಿ ಸಾಲಲಿಲ್ಲೇನವಾ?”

ಕೌದಿಯ ಕೊನೆಯ ಮೂಲೆ ಹೊಲಿಯುವಾಗ ರೊಟ್ಟಿಯದೋ ಹೋಳಿಗೆಯದೋ ಒಂದು ತುತ್ತು ಒಳಗಿಟ್ಟು ಹೊಲಿಯುವ ಪದ್ಧತಿ ನಮ್ಮಲ್ಲಿತ್ತು. ಕೌದಿ ಹಸಿದಿರಬಾರದು ಎನ್ನುತ್ತಿದ್ದರು. ಅತ್ತೆ ನಾಲ್ಕೂ ಮೂಲೆ ಹಿಚುಕಿ ನೋಡಿ, “ತುತ್ತೂ ಇಟ್ಟಿಲ್ಲ,” ಎಂದರು.

ನನಗೆ ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ, ಅವ್ವನ ಮೇಲೆ. ವರ್ಷಗಟ್ಟಲೆ ತಂಬಾಕಿನ ವಖಾರಿಯಲ್ಲಿ ದುಡಿದವಳಿಗೆ ಮಗಳ ಮಾನ ಉಳಿಸಲು ನಾಲ್ಕು ಸೀರೆ ಸಿಗಲಿಲ್ಲವೇ? ಕಂಜೂಸಿ ಎಂದು ಮನಸ್ಸಿನಲ್ಲೇ ಬೈದು ಕೌದಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಹೊರಡುವಾಗ ಅವಳು ಹೇಳಿದ ಮಾತನ್ನೂ ಅದರ ಜೊತೆಗೇ ಹಾಕಿದೆ. “ಕೂಸಿನ್ನ ನಿನ್ನ ಹಾಸಗ್ಯಾಗ ಹಾಕ್ಕೋಬ್ಯಾಡ. ತೊಟ್ಟಲಾ ಹೊರಸಿನ ಬಾಜೂಕ ಇರ್ಲಿ,” ಎಂದಿದ್ದಳು. ಹೆತ್ತವಳ ಮಗ್ಗಲು ಬಿಟ್ಟು ಕೂಸು ಮತ್ತೆಲ್ಲಿ ಮಲಗಬೇಕು ಎಂದು ಅತ್ತೆ ಕೇಳಿದ್ದೇ ನನಗೆ ಸರಿಯೆನ್ನಿಸಿತು. ತೊಟ್ಟಿಲ ತುಂಬ ಒಗೆದ ಬಟ್ಟೆಗಳು ಬಿದ್ದವು.

ಚಳಿಗಾಲದ ಒಂದು ಮಧ್ಯಾಹ್ನ. ಹೊಲಕ್ಕೆ ಬುತ್ತಿ ಕಳಿಸಿ, ಪಾತ್ರೆ ತಿಕ್ಕಿ, ಕೂಸಿಗೆ ಮೊಲೆ ಕೊಡುತ್ತ ಅಡ್ಡಾದೆ. ಅತ್ತೆಯ ದೊಡ್ಡ ಕೌದಿಯನ್ನು ಇಬ್ಬರ ಮೇಲೂ ಎಳೆದುಕೊಂಡದ್ದಷ್ಟೇ ಗೊತ್ತು. ಎಚ್ಚರವಾದದ್ದು ಯಾರೋ ಅದನ್ನು ಕಿತ್ತು ಎಸೆದಾಗ. ನೋಡಿದರೆ ಅವ್ವ. ಯಡೂರಿನ ದೇವರ ದರ್ಶನಕ್ಕೆಂದು ಬಂದವಳು, ಮೊಮ್ಮಗುವನ್ನು ನೋಡುವ ಆಸೆಯಿಂದ ನಮ್ಮೂರ ಬಸ್ಸು ಹತ್ತಿದ್ದಳು. ಕೂಸಿನ ತಲೆ ಪೂರ್ತಿ ಕೌದಿಯೊಳಗೆ ಸೇರಿಹೋಗಿತ್ತಂತೆ. ಕೂದಲು ಬೆವರಿಗೆ ಅಂಟಿತ್ತು, ಮುಖ ಕೆಂಪೇರಿತ್ತು. ಅವ್ವ ಅದನ್ನೆತ್ತಿಕೊಂಡು ಬಾಗಿಲ ಬೆಳಕಿಗೆ ಓಡಿದಳು. ಕೂಸು ಅತ್ತಿತು. ಅದರ ದನಿ ಕೇಳಿದ ಮೇಲೆಯೇ ಅವಳು ಹೊಸ್ತಿಲ ಮೇಲೆ ಕುಸಿದು ಕೂತದ್ದು.

“ಏನಾತ್ರಿ ಬೀಗತ್ಯಾರ? ಕೂಸು ಬೆಚ್ಚಗ ಮಲಗಿತ್ತಲ್ರಿ,” ಎಂದು ಅತ್ತೆ ಒಳಗಿನಿಂದ ಓಡಿಬಂದರು.

ನನಗಿಂತ ಮೊದಲು ಹುಟ್ಟಿ, ಮೂರೇ ತಿಂಗಳು ಬದುಕಿದ ಅಣ್ಣನೊಬ್ಬನಿದ್ದ. ಜ್ವರ ಬಂದು ಹೋದ ಎಂದೇ ನಾನು ಕೇಳುತ್ತ ಬೆಳೆದದ್ದು. ಅವ್ವ ನನ್ನ ಮುಖ ನೋಡದೆ, ಕೂಸಿನ ಬೆನ್ನು ಸವರುತ್ತ ಹೇಳಿದಳು.

“ನಿಮ್ಮಣ್ಣಗ ಜ್ವರ ಬಂದಿದ್ದಿಲ್ಲವಾ. ವಖಾರಿಯಿಂದ ದಣದು ಬಂದು ಹಿಂಗಽ ಮಧ್ಯಾಹ್ನದಾಗ ಮಗ್ಗಲಾಗ ಹಾಕ್ಕೊಂಡು ಮಲಗಿದ್ದೆ. ಎದ್ದು ಕೌದಿ ತಗದ್ರ ತಣ್ಣಗಾಗಿದ್ದ.”

ಇವಳು ತುತ್ತು ಇಡಲು ಮರೆತಿದ್ದಾಳೆ, ಹಸಿದ ಕೌದಿ ಕೂಸನ್ನೇ ನುಂಗಿತು ಎಂದು ಆಗ ಅವ್ವನ ಓಣಿಯವರು ಆಡಿಕೊಂಡಿದ್ದರಂತೆ.

“ಖರೇನಽ ಮರತಿದ್ರೇನ್ರಿ?” ಎಂದು ಅತ್ತೆ ಮೆಲ್ಲಗೆ ಕೇಳಿದರು. ಚುಚ್ಚಲು ಕೇಳಿದ್ದಲ್ಲ. ಪಾಪ, ಅವರಿಗೂ ಏನಾದರೊಂದು ಕಾರಣ ಬೇಕಾಗಿತ್ತು.

“ಇಲ್ರಿ, ಇಟ್ಟಿದ್ದೆ. ಹೋಳಿಗಿ ತುಣುಕು ಇಟ್ಟಿದ್ದೆ. ಕೌದಿದೇನೂ ತಪ್ಪಿಲ್ರಿ,” ಎಂದಳು ಅವ್ವ. “ನಾನಽ ಹೊಚ್ಚಿದ್ದೆ.”

ಕೂಸಿನ ಮುಖಕ್ಕೆ ಎಟುಕದಿರಲೆಂದೇ ಅವಳು ಗೇಣು ಹಾಕಿ ಅಳೆದು ಹೊಲಿದಿದ್ದಳು. ಅವಳನ್ನು ಕಂಜೂಸಿ ಎಂದ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅತ್ತೆ ಎದ್ದು ತೊಟ್ಟಿಲಿನ ಬಟ್ಟೆಗಳನ್ನೆಲ್ಲ ತೆಗೆದು, ಅದನ್ನು ನಾನು ಮಲಗುವ ಹೊರಸಿನ ಪಕ್ಕಕ್ಕೆ ಎಳೆದರು. ನಾನು ಟ್ರಂಕಿನ ತಳದಿಂದ ಕೌದಿ ತಂದೆ. ಅವ್ವ ಕೂಸನ್ನು ಅಂಗಾತ ಮಲಗಿಸಿ ಹೊಚ್ಚಿದಳು. ಎರಡು ತಿಂಗಳಲ್ಲಿ ಕೂಸು ಬೆಳೆದಿತ್ತು. ಕೌದಿ ಹೊಟ್ಟೆಯವರೆಗೆ ಮಾತ್ರ ಬಂತು.

ಅತ್ತೆ ಬಗ್ಗಿ ಅದರ ಅಂಚನ್ನು ಒಮ್ಮೆ ಮುಟ್ಟಿ ನೋಡಿದರು.

“ಸಾಕ್ರಿ,” ಎಂದರು. “ಇಷ್ಟಽ ಸಾಕು.”