ಅಪಶಕುನವಿಲ್ಲದ ಪರದೆ

ಕೊಪ್ಪಳದ ಕಡೆಯ ವೀರೇಶ ಮಾರೇನಹಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ. ಅಂಗಡಿಗಳ ಬಿಲ್ಲಿಂಗ್ ಯಂತ್ರ, ಕ್ಲಿನಿಕ್ಕುಗಳಲ್ಲಿ ಲಸಿಕೆಯ ಫ್ರಿಜ್ ಕಾಯುವ ಯಂತ್ರ, ಎಲ್ಲದರ ಒಳಗೂ ಒಂದೇ ಲಿನಕ್ಸ್ ತಂತ್ರಾಂಶ. ಆದರೆ ಸ್ವಿಚ್ ಹಾಕಿದೊಡನೆ ಒಂದೊಂದೇ ಕೆಲಸವನ್ನು ಎಬ್ಬಿಸುವ ಸ್ಕ್ರಿಪ್ಟುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರು. ಕೆಲಸ ಶುರುವಾದರೆ ಪರದೆಯಲ್ಲಿ ಒಬ್ಬನದು 'ಓಕೆ' ಎನ್ನುತ್ತಿತ್ತು, ಇನ್ನೊಬ್ಬ ಪುಣ್ಯಾತ್ಮನದು 'ಬಂದೆ ಗುರು' ಎನ್ನುತ್ತಿತ್ತು. ಕೆಲವಂತೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಇವನ್ನೆಲ್ಲ ಒಂದೇ ಅಚ್ಚಿಗೆ ತರುವ ಕೆಲಸ ವೀರೇಶನ ಹೆಗಲಿಗೆ ಬಿತ್ತು. ಅಚ್ಚುಕಟ್ಟಾಗಿಯೇ ಮಾಡಿದ. ಎಡಕ್ಕೆ ಕೆಲಸದ ಹೆಸರು, ಬಲಕ್ಕೆ 'ಆಯಿತು' ಇಲ್ಲವೇ 'ಆಗಲಿಲ್ಲ'.

ವಿಜಯನಗರದ ದಿನಸಿ ವ್ಯಾಪಾರಿ ಮುನಿಯಪ್ಪ ಫೋನ್ ಮಾಡಿ ರೇಗಾಡಿದರು. ಊದುಬತ್ತಿ ಹಚ್ಚಿ, ಬೋಣಿಗೆ ಮುಂಚೆ ಯಂತ್ರ ಹಾಕಿದರೆ ಕೆಂಪಕ್ಷರದಲ್ಲಿ 'ಪ್ರಿಂಟರ್ ಆಗಲಿಲ್ಲ' ಎಂದು ಬರುವುದೇ? ಅಕ್ಕಿ ಮುಗಿದರೂ ಮುಗಿಯಿತು ಎನ್ನದ ಮನೆಯಲ್ಲಿ ಬೆಳೆದ ವೀರೇಶನಿಗೆ ಅದು ನ್ಯಾಯವೆನಿಸಿತು. 'ಆಗಲಿಲ್ಲ' ತೆಗೆದು 'ಆಗುತ್ತಿದೆ' ಎಂದು ಹಾಕಿ, ಎಲ್ಲ ಯಂತ್ರಗಳಿಗೂ ಅದನ್ನೇ ಕಳಿಸಿದ. ದೂರುಗಳು ನಿಂತವು. ಜಾಣ ಒಳಗೊಳಗೇ ಬೀಗಿದ.

ಒಂದು ಶನಿವಾರ ಅತ್ತಿಗುಪ್ಪೆಯ ಕ್ಲಿನಿಕ್ಕಿನಲ್ಲಿ ಕರೆಂಟ್ ಹೋಗಿ ಬಂತು. ಯಂತ್ರ ಮತ್ತೆ ಶುರುವಾದಾಗ, ಫ್ರಿಜ್ ಕೆಟ್ಟರೆ ಹೊಡೆಯಬೇಕಾದ ಅದರ ಎಚ್ಚರಿಕೆ ಗಂಟೆ ಮಾತ್ರ ಶುರುವಾಗಲಿಲ್ಲ. ಪರದೆ 'ಆಗುತ್ತಿದೆ' ಎಂದಿತು. ನರ್ಸ್ ಅನಂತಲಕ್ಷ್ಮಿ ಬಹಳ ಹೊತ್ತು ಕಾದು, ಹಾಗೇ ಬಿಟ್ಟು ಮನೆಗೆ ಹೋದಳು. ಭಾನುವಾರ ಫ್ರಿಜ್ ಕೆಟ್ಟಿತು, ಗಂಟೆ ಹೊಡೆಯಲಿಲ್ಲ, ಲಸಿಕೆಯಷ್ಟೂ ಹಾಳಾಯಿತು. ಸೋಮವಾರ ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರು ವಾಪಸ್ ಹೋದರು. ನಾಳೆಯಿಂದ ಬರಬೇಡ ಎಂದು ಡಾಕ್ಟರ್ ಚನ್ನಕೇಶವ ಅನಂತಲಕ್ಷ್ಮಿಗೆ ಹೇಳಿಬಿಟ್ಟರು.

ಅಂದೇ ಯಂತ್ರ ನೋಡಲು ಬಂದ ವೀರೇಶನನ್ನು ಡಾಕ್ಟರು ಕೇಳಿದ್ದು ಒಂದೇ ಮಾತು: ಗಂಟೆಯನ್ನು ಈಕೆಯೇ ಆಫ್ ಮಾಡಿದ್ದಳೇ? ಪರದೆ ಕಂಡೊಡನೆ ಅವನಿಗೆ ಎಲ್ಲ ಗೊತ್ತಾಗಿತ್ತು. ಕರೆಂಟ್ ಏರುಪೇರು ಎಂಬ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಮೂಲೆಯಲ್ಲಿ ನಿಂತಿದ್ದ ಅನಂತಲಕ್ಷ್ಮಿ ವೀರೇಶನತ್ತ ತಿರುಗಿ ಮೆಲ್ಲಗೆ ಅಂದಳು, "ಆಗುತ್ತಿದೆ ಅಂತ ಇತ್ತು ಸಾರ್. ಆಗೋವಾಗ ಮುಟ್ಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ರಲ್ಲ."

ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು ವೀರೇಶನಿಗೆ.

"ಗಂಟೆ ಶುರುವೇ ಆಗಿರ್ಲಿಲ್ಲ ಸಾರ್. ಆಗ್ದೇ ಇದ್ರೂ ಆಗ್ತಿದೆ ಅಂತ ತೋರ್ಸೋ ಹಾಗೆ ಬರ್ದಿದ್ದು ನಾನು. ಇವ್ರದ್ದೇನೂ ತಪ್ಪಿಲ್ಲ."

ಡಾಕ್ಟರು ಬೈದರು, ಚೆನ್ನಾಗಿಯೇ ಬೈದರು. ಅನಂತಲಕ್ಷ್ಮಿಗೆ ಮಾತ್ರ ನಾಳೆ ಎಂದಿನಂತೆ ಬಾ ಎಂದರು. ವೀರೇಶ ಬೈಗುಳವನ್ನು ಹೇಗೋ ನುಂಗಿಕೊಂಡ. ಆದರೆ ಹೊರಟಾಗ ಅನಂತಲಕ್ಷ್ಮಿ ಗೇಟಿನವರೆಗೂ ಬಂದಳು.

"ನಿಮ್ಮಿಂದ ನನ್ ಕೆಲ್ಸ ಉಳೀತು ಸಾರ್," ಎಂದು ಕೈ ಮುಗಿದಳು.