ಹೊಸ್ತಿಲ ಹೊರಗಿನ ಕಲ್ಲು

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುವುದು ನನ್ನ ಅಭ್ಯಾಸವಾಗಿತ್ತು. ಜಂಬಕ್ಕೆ ಹೇಳುತ್ತಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ನೀಲಗಿರಿಯ ಕಾಡು, ಕಣಿವೆ, ಪಾಳು ಬಂಗಲೆಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿದವನು ನಾನು. ಅವರ ಖುಷಿಗೆಂದು ಒಬ್ಬ ಬಿಳಿ ದೊರೆಸಾನಿಯ ದೆವ್ವವನ್ನು ನಾನೇ ಹುಟ್ಟಿಸಿದ್ದೆ. ಎರಡು ವರ್ಷ ಬಿಟ್ಟು ಬೇರೆ ಗೈಡೊಬ್ಬ ಅದೇ ಕಥೆಯನ್ನು, ತನ್ನ ಅಜ್ಜ ಕಣ್ಣಾರೆ ಕಂಡದ್ದೆಂದು ಆಣೆ ಇಟ್ಟು ನನಗೇ ಹೇಳಿದ. ದೆವ್ವ ತಯಾರಿಸುವ ಕಾರ್ಖಾನೆಯಲ್ಲೇ ಕೆಲಸ ಮಾಡಿದವನಿಗೆ ನಂಬಿಕೆ ಎಲ್ಲಿಂದ ಬರಬೇಕು? ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಪುಣ್ಯ.

ನಮ್ಮದು ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಗೂಡಲೂರಿಗೆ ಬಂದು ನಿಂತ ಮನೆ. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ಮಲಯಾಳ. ನನ್ನ ತಮ್ಮ ಶಿವಣ್ಣ ಮಸಿನಗುಡಿಯಲ್ಲಿ ಜೀಪ್ ಓಡಿಸುತ್ತಿದ್ದ. ನಾನು ಹೇಳಹೊರಟ ದಿನಕ್ಕೆ ನಾಲ್ಕು ವರ್ಷ ಮೊದಲು, ಒಂದು ಮಳೆಗಾಲದ ಬೆಳಿಗ್ಗೆ, ಅವನ ಜೀಪ್ ಮೋಯಾರ್ ಹೊಳೆಯ ದಡದಲ್ಲಿ ನಿಂತಿದ್ದುದು ಸಿಕ್ಕಿತು. ಕೀ ಅದರಲ್ಲೇ ಇತ್ತು. ಅವನು ಮಾತ್ರ ಸಿಗಲಿಲ್ಲ. ಹರಿಗೋಲು ಹಾಕಿ ದಿನಗಟ್ಟಲೆ ಹುಡುಕಿದರು. ಹೊಳೆ ಎಳೆದುಕೊಂಡಿತು ಎಂದರು, ಮೊಸಳೆ ಎಂದರು, ಆನೆ ಎಂದರು. ಕೇರಳದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಎಂದವರೂ ಇದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಅವನ ಹೆಂಡತಿ ಮಂಜುಳಾ ಒಂದೇ ಮಾತು ಹೇಳಿದಳು. "ಮೈ ಸಿಕ್ಕಿಲ್ಲ ಭಾವ. ಸಿಗೋ ತನಕ ಯಾವ ಕಾರ್ಯಾನೂ ಬೇಡ." ತಾಳಿ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ಗೂಡಲೂರು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡು ಕಾಯುತ್ತಾ ಕೂತಳು. ಇತ್ತ ಬಂಧುಗಳು ನನ್ನ ಜೀವ ತಿನ್ನುತ್ತಿದ್ದರು: ಹಿರಿಯನಾಗಿ ನೀನೇ ತಿಥಿ ಮಾಡಿ ಮುಗಿಸು, ಜೀವ ಅಲೆದಾಡುತ್ತೆ. ನಾನು ಮಾಡಿಬಿಟ್ಟರೆ ಮಂಜುಳಾ ಅದೇ ದಿನ ವಿಧವೆ. ಮಾಡದಿದ್ದರೆ ತಮ್ಮನಿಗೆ ಒಂದು ತುತ್ತು ಪಿಂಡ ಇಡಲಾರದ ಅಣ್ಣ ನಾನು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ನಾಲ್ಕು ವರ್ಷ ಹಾಗೇ ತಳ್ಳಿದೆ. ಮಂಡಿಯೂ ದಣಿದಿತ್ತು, ಮನಸ್ಸೂ ದಣಿದಿತ್ತು.

ಹೀಗಿರುವಾಗ ಬೆಟ್ಟದ ಮೇಲೆ ಇತ್ತಲಾರ್ ಎಂಬ ಊರಿನ ಕಡೆ ಹೊಸದಾಗಿ ಹೋಂಸ್ಟೇ ತೆರೆದ ಒಬ್ಬರು ನನ್ನನ್ನು ಕರೆಸಿದರು. ಅವರು ಫ್ರಾನ್ಸಿನ ಯಾವುದೋ ಹಳ್ಳಿಯಲ್ಲಿ ಹದಿನೈದು ದಿನ ಇದ್ದು ಬಂದಿದ್ದರು. ಅಲ್ಲಿ ಹಳೆಯ ಬಾವಿಗೂ ಒಂದು ಬೋರ್ಡು, ಬಿದ್ದ ಗೋಡೆಗೂ ಒಂದು ಬೋರ್ಡು, ಹಳ್ಳಿಯ ಸುತ್ತ ನಡೆದು ನೋಡುವುದಕ್ಕೆ ಅಂದವಾದ ಒಂದು ಪುಸ್ತಿಕೆ. ನಮ್ಮಲ್ಲಿ ಏನು ಕಡಿಮೆ, ನೀವೂ ಅಂಥದೊಂದು ಪುಸ್ತಿಕೆ ಬರೆದುಕೊಡಿ ಎಂದು ಅವರ ವಾದ. ಕಡಿಮೆ ಏನೂ ಇಲ್ಲ, ನಿಜ. ಆದರೆ ಸಾವಿರ ಸಲ ನೋಡಿದ ಜಲಪಾತವನ್ನು ಮತ್ತೆ 'ಮನಮೋಹಕ' ಎಂದು ಬರೆಯಬೇಕಾದವನ ಕಷ್ಟ ಅವರಿಗೆ ಹೇಗೆ ಗೊತ್ತು? ಒಪ್ಪಿಕೊಂಡೆ. ಮನೆಯಲ್ಲಿ ಕೂತರೆ ಬಂಧುಗಳ ಫೋನು ಬರುತ್ತದೆ ಎನ್ನುವುದೇ ಮುಖ್ಯ ಕಾರಣ.

ದಾರಿ ತೋರಿಸಲು ಬೋಜಣ್ಣ ಬಂದ. ಇತ್ತಲಾರಿನ ಬಡಗರವನು, ಒಂದಿಷ್ಟು ಟೀ ಗಿಡ ಇಟ್ಟುಕೊಂಡವನು, ನನಗೆ ಹಳೆಯ ಪರಿಚಯ. ಅವನು ಬಡಗ ಮಾತಾಡುತ್ತಾನೆ, ನಾನು ನನ್ನ ಕನ್ನಡ. ಇಬ್ಬರಿಗೂ ತೊಂದರೆಯಿಲ್ಲ. ಬೆಳಿಗ್ಗೆಯಿಂದ ಒಂದು ಜಲಪಾತ ನೋಡಿದೆವು, ಟೀ ಗಿಡಗಳ ಮಧ್ಯೆ ಕುತ್ತಿಗೆಯವರೆಗೆ ಹೂತುಹೋದ ಒಂದು ವೀರಗಲ್ಲು ನೋಡಿದೆವು, ಮಂಜು ಬಿಟ್ಟು ಬೇರೇನೂ ಕಾಣದ ಒಂದು ವ್ಯೂ ಪಾಯಿಂಟ್ ನೋಡಿದೆವು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಇಳಿಜಾರಿನ ಕೆಳಗಿನ ಕಲ್ಮನೆಗೆ ಬಂದೆವು. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ, ಸೊಂಟದೆತ್ತರದ ಹಳೆಯ ಕಟ್ಟಡ ಅದು. ಹತ್ತಿರದ ಕುರುಂಬರ ಕೆಲವು ಮನೆಯವರು ಅದನ್ನು ಸಾವುಮನೆ ಎನ್ನುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ತೊರೆಯಿಂದ ಒಂದು ನುಣುಪು ಕಲ್ಲು ತಂದು ಅದರೊಳಗೆ ಇಡುತ್ತಾರೆ. ಒಬ್ಬರಿಗೆ ಒಂದು ಕಲ್ಲು. ಇದನ್ನು ನಾನೇ ಎಷ್ಟೋ ಪ್ರವಾಸಿಗರಿಗೆ ವಿವರಿಸಿದ್ದೇನೆ. ಗೊತ್ತಿದ್ದೂ ಮಾಡಿದ ತಪ್ಪು ಎನ್ನುವುದಕ್ಕೆ ಇದನ್ನು ಹೇಳುತ್ತಿದ್ದೇನೆ.

ಬೋಜಣ್ಣನಿಗೆ ಫೋನ್ ಬಂತು. ಟೀ ಎಲೆ ಒಯ್ಯುವ ಲೀಫ್ ಲಾರಿ ಬಂದು ಕಾಯುತ್ತಿದೆಯಂತೆ. ಸಿಗ್ನಲ್ ಹುಡುಕಿಕೊಂಡು ಅವನು ಮೇಲೆ ಹತ್ತಿದ. ನಾನು ಫೋಟೋ ತೆಗೆಯಲು ನಿಂತೆ. ಒಳಗೆ ಬೂದುಬಣ್ಣದ ಕಲ್ಲುಗಳು ಸಾಲಾಗಿ ಕೂತಿದ್ದವು. ಒಂದೇ ಒಂದು ಕಲ್ಲು, ಕೆಂಪು ಛಾಯೆಯದು, ಹೊಸ್ತಿಲ ಹೊರಗೆ ಬಿದ್ದಿತ್ತು. ಫೋಟೋದಲ್ಲಿ ಅದು ಅಡ್ಡ ಬರುತ್ತಿತ್ತು. ಬಗ್ಗಿ ಎತ್ತಿಕೊಂಡು ಒಳಗಿನ ಸಾಲಿನ ಕೊನೆಗೆ ಇಟ್ಟೆ. ಕೆಂಪು ಕಲ್ಲು ಚೆನ್ನಾಗಿ ಕಂಡಿತು. ನಾಲ್ಕೈದು ಫೋಟೋ ತೆಗೆದೆ.

"ಅಣ್ಣಾ, ಅದ ಮುಟ್ಟ ಬೋಡ!" ಎಂದು ಬೋಜಣ್ಣ ಮೇಲಿನಿಂದ ಕೂಗಿದ. ಮುಟ್ಟಬೇಡ ಎಂದು ಅವನು ಹೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಷ್ಟರಲ್ಲಿ ಕೆಳಗಿನ ಕಾಲುದಾರಿಯಿಂದ ಒಬ್ಬ ಮುದುಕಿ ಬಂದಳು. ಮೈಮೇಲೆ ಹಳೆಯ ಸ್ವೆಟರ್, ತೋಳಿಗೆ ರೇಷನ್ ಚೀಲ. ಕುರುಂಬರ ಅಜ್ಜಿ, ಹಾದುಹೋಗುವಾಗಲೆಲ್ಲ ಅಲ್ಲಿ ನಿಂತು ಹೋಗುವವಳು ಎಂದು ಬೋಜಣ್ಣ ಆಮೇಲೆ ಹೇಳಿದ. ಅವಳು ನಮ್ಮ ಕಡೆ ನೋಡಲೇ ಇಲ್ಲ. ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು, ಕಲ್ಲು ಬಿದ್ದಿದ್ದ ಜಾಗವನ್ನು ಅಂಗೈಯಿಂದ ಸವರಿದಳು. ಮತ್ತೆ ಸವರಿದಳು. ಆಮೇಲೆ ಒಳಗೆ ಕೈ ಹಾಕಿ ಒಂದೊಂದೇ ಕಲ್ಲು ಮುಟ್ಟುತ್ತಾ ಹೋಗಿ, ಕೊನೆಯದರ ಮೇಲೆ ಕೈ ನಿಲ್ಲಿಸಿದಳು.

"ಇದ ಒಳಕ್ಕೆ ಇಟ್ಟದ್ದು ಯಾರು?"

"ನಾನೇ ಅಜ್ಜಿ, ತಪ್ಪಾಯ್ತು," ಎಂದೆ. "ಇರೋ ಜಾಗಕ್ಕೇ ಮತ್ತೆ ಇಟ್ಟುಬಿಡ್ತೀನಿ."

"ಇಟ್ಟದ್ದ ತೆಗಿಯಕ್ಕಾಗದು." ಅವಳು ನಾನಿದ್ದ ಕಡೆ ಮುಖ ತಿರುಗಿಸಿದಳು. "ನೀ ಅವನಿಗೆ ಏನಾಗಬೇಕು?"

ಯಾರಿಗೆ ಎಂದು ಕೇಳಿದೆ. ಆಗ ಅವಳು ಹೇಳಿದ್ದನ್ನು ಒಟ್ಟು ಮಾಡಿ ಬರೆಯುತ್ತೇನೆ, ಏಕೆಂದರೆ ಅವಳ ಮಾತಿನಲ್ಲಿ ಅರ್ಧ ತಮಿಳಿತ್ತು, ನಡುನಡುವೆ ಬೋಜಣ್ಣ ಬಿಡಿಸಿ ಹೇಳುತ್ತಿದ್ದ. ಹೋದ ಮಳೆಗಾಲದಲ್ಲಿ ಒಬ್ಬ ಗಂಡಸು ಬಂದನಂತೆ. ಗೂಡಲೂರು ಕಡೆಯ ಮಾತು. ಕೈಯಲ್ಲಿ ಈ ಕಲ್ಲು. ಇದು ಇಲ್ಲಿಯ ತೊರೆಯದಲ್ಲ ಎಂದು ಮುಟ್ಟಿದ ಕೂಡಲೇ ಅವಳಿಗೆ ಗೊತ್ತಾಯಿತು. ಯಾರದು ಎಂದು ಕೇಳಿದಳು. ನನ್ನದೇ ಎಂದನಂತೆ. ತನ್ನ ಕಲ್ಲನ್ನು ತಾನೇ ಇಡುವುದುಂಟೇ, ಕುಡಿದು ಬಂದಿದ್ದೀಯಾ ಎಂದು ಅವಳು ಬೈದಳು. ಅವನು ನಕ್ಕ.

"ಒಳಗೆ ಇಡಾದಿಲ್ಲ ಅಜ್ಜಿ, ಹೊರಗೇ ಇಟ್ಟಿರ್ತೀನಿ, ನಮ್ಮೋರು ಯಾರಾರ ಬತ್ತಾರೆ, ಅವರು ಒಳಕ್ಕೆ ಇಡ್ತಾರೆ ಅಂದ," ಎಂದಳು ಅಜ್ಜಿ. "ನಾನೂ ಒಳಕ್ಕೆ ಇಡಲಿಲ್ಲ. ಅವನ ರಕ್ತದೋರೇ ಇಡಬೇಕು. ನೀ ಇಟ್ಟೆ."

ನನಗೆ ಮೊದಲು ಸಿಟ್ಟು ಬಂತು. ಬೋಜಣ್ಣ ನನ್ನ ತಮ್ಮನ ವಿಷಯ ಎಲ್ಲೋ ಹರಟಿದ್ದಾನೆ, ಅದು ಈ ಅಜ್ಜಿಯ ಕಿವಿಗೆ ಬಿದ್ದಿದೆ ಎಂದುಕೊಂಡೆ. ಅವನ ಕಡೆ ತಿರುಗಿದೆ. "ನಾ ಏನೂ ಹೇಗಿಲ್ಲೆ ಅಣ್ಣಾ, ದೇವರಾಣೆ," ಎಂದ. ಏನೂ ಹೇಳಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು, ಅಷ್ಟು ಬಿಳಿಚಿಕೊಂಡಿದ್ದ. ನಾನು ಫೋನಿನಲ್ಲಿ ಶಿವಣ್ಣನ ಫೋಟೋ ತೆಗೆದು ಅಜ್ಜಿಯ ಮುಖದ ಮುಂದೆ ಹಿಡಿದೆ.

"ನಂಗೆ ಕಣ್ಣು ಹೋಗಿ ಐದು ವರುಷ ಆಯ್ತು ಸಾಮಿ. ಬೆಳಕು ಕಾಣ್ತದೆ, ಮುಖ ಕಾಣದು." ಆಮೇಲೆ ತನ್ನ ಎಡಗೈ ಎತ್ತಿ ಕಿರುಬೆರಳನ್ನು ಮಡಿಸಿದಳು. "ಅವತ್ತು ಮಳೆಗೆ ದಾರಿಯ ಬಂಡೆ ಜಾರ್ತಿತ್ತು. ಕೈ ಹಿಡಿದು ದಾಟಿಸಿದ. ಈ ಬೆರಳು ಅರ್ಧವೇ ಇತ್ತು."

ಮದುವೆಗೆ ಮೊದಲೇ ಶಿವಣ್ಣನ ಎಡಗೈಯ ಕಿರುಬೆರಳನ್ನು ಜೀಪಿನ ಫ್ಯಾನ್ ಬೆಲ್ಟ್ ಕತ್ತರಿಸಿತ್ತು. ಅರ್ಧವೇ ಉಳಿದಿತ್ತು. ನಾನು ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟೆ. ಹೆದರಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ತಮ್ಮನ ಕೈ ಅಷ್ಟು ಹತ್ತಿರ ಬಂದು ಹೋಯಿತಲ್ಲ ಎಂದು ಅಳು ಬಂತು. ನಾಲ್ಕು ವರ್ಷದಿಂದ ಬಾರದಿದ್ದ ಅಳು, ಬೋಜಣ್ಣನ ಎದುರಿಗೇ ಅತ್ತೆ. ಕಲ್ಲು ತಂದವನು ಎಲ್ಲಿಗೆ ಹೋದ ಎಂದು ಕೇಳಿದಾಗ ಅಜ್ಜಿ ತಾನು ಬಂದ ಕಾಲುದಾರಿಯ ಕಡೆಗಲ್ಲ, ಅದರ ಪಕ್ಕದ ಇಳಿಜಾರಿನ ಕೆಳಗೆ ಕೈ ತೋರಿಸಿದಳು. "ಇನ್ನ ಅವ ಬರಾದಿಲ್ಲ," ಎಂದು ಚೀಲ ಎತ್ತಿಕೊಂಡು ಹೊರಟಳು.

ಅವಳು ತೋರಿಸಿದ ಕಡೆ ನಾನೂ ಬೋಜಣ್ಣನೂ ಇಳಿದೆವು. ಐವತ್ತು ಹೆಜ್ಜೆ ಹೋದಮೇಲೆ ದಾರಿಯಿಲ್ಲ, ನೇರ ಪ್ರಪಾತ. ಕುರುಂಬರ ಕೇರಿಯಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದೆ. ಹೋದ ಮಳೆಗಾಲದಲ್ಲಿ ಹೊಸಬರು ಯಾರನ್ನೂ ಯಾರೂ ಕಂಡಿರಲಿಲ್ಲ.

ನಿಮ್ಮ ಮನಸ್ಸಿಗೆ ಬರುವುದೆಲ್ಲ ನನ್ನ ಮನಸ್ಸಿಗೂ ಬಂದಿದೆ. ಜೀಪ್ ಓಡಿಸುವವರಲ್ಲಿ ಬೆರಳು ಕಳೆದುಕೊಂಡವರು ಒಬ್ಬಿಬ್ಬರಲ್ಲ. ಕಣ್ಣಿಲ್ಲದ ವಯಸ್ಸಾದ ಹೆಂಗಸು ಯಾವುದೋ ವರ್ಷದ್ದನ್ನು ಯಾವುದೋ ವರ್ಷಕ್ಕೆ ಜೋಡಿಸಿರಬಹುದು. ಶಿವಣ್ಣ ಬದುಕಿದ್ದು, ತಲೆ ಕೆಟ್ಟು ಅಲ್ಲಿಗೆ ಬಂದಿರಲೂಬಹುದು. ಬದುಕಿದ್ದರೆ ತನ್ನ ಸಾವಿನ ಕಲ್ಲನ್ನು ಏಕೆ ಹೊತ್ತು ತರಬೇಕು? ಸತ್ತಿದ್ದರೆ ಆ ಅಜ್ಜಿಯ ಕೈ ಹಿಡಿದು ಬಂಡೆ ದಾಟಿಸಿದವನು ಯಾರು? ನಾಲ್ಕು ವರ್ಷ ಮಾಡಲಾರದೆ ತಳ್ಳಿಕೊಂಡು ಬಂದ ಕಾರ್ಯವನ್ನು ನಾನು ಒಂದು ಫೋಟೋಗಾಗಿ, ಸ್ನಾನವಿಲ್ಲದೆ ಮಂತ್ರವಿಲ್ಲದೆ, ಮಾಡಿ ಮುಗಿಸಿದೆನೋ? ಗೊತ್ತಿಲ್ಲ. ಆ ಫೋಟೋಗಳನ್ನು ಅಳಿಸಿದೆ. ಪುಸ್ತಿಕೆಯಲ್ಲಿ ಕಲ್ಮನೆಯ ವಿಷಯ ಬರೆಯಲಿಲ್ಲ, ಹೋಂಸ್ಟೇಯವರು ಬೇಸರ ಮಾಡಿಕೊಂಡರು. ಇದೆಲ್ಲ ಆಗಿ ಮೂರು ವರ್ಷವಾಯಿತು. ಬಂಧುಗಳು ಕೇಳುವುದನ್ನು ನಿಲ್ಲಿಸಿದ್ದಾರೆ. ಮಂಜುಳಾ ಇವತ್ತಿಗೂ ಕುಂಕುಮ ಇಡುತ್ತಾಳೆ.

ಆಗ ಇತ್ತಲಾರಿನಿಂದ ಬಂದಮೇಲೆ, ಅವಳಿಗೆ ಹೇಳಬೇಕೋ ಬೇಡವೋ ಎಂದು ಒಂದು ವಾರ ಒದ್ದಾಡಿದ್ದೆ. ಮುಚ್ಚಿಡುವುದಕ್ಕೂ ಶಕ್ತಿ ಬೇಕು, ನನ್ನಲ್ಲಿ ಅದು ಉಳಿದಿರಲಿಲ್ಲ. ಅಂಗಡಿಗೆ ಹೋಗಿ, ಅವಳ ಎದುರಿನ ಸ್ಟೂಲಿನ ಮೇಲೆ ಕೂತು, ಒಂದನ್ನೂ ಬಿಡದೆ ಹೇಳಿದೆ. ಕೂಗಾಡುತ್ತಾಳೆ, ಯಾಕೆ ಇಟ್ಟಿರಿ ಎಂದು ನನ್ನ ಕೊರಳಪಟ್ಟಿ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಆ ಮಳೇಲಿ ಅಷ್ಟು ದೂರ ಬಂದಿದ್ದಾರಲ್ಲ ಭಾವ, ಅವರಿಗೆ ಆ ಅಜ್ಜಿ ಊಟ ಏನಾದ್ರೂ ಕೊಟ್ಟಿದ್ರಾ?"

ನಾನು ಅಜ್ಜಿಯನ್ನು ಅದೊಂದನ್ನು ಕೇಳಿರಲಿಲ್ಲ.