ನಗಾರಿಯ ಕೆಳಗಿನ ಫಲಕ

ಗುರ್ಬಚನ್ ಸಿಂಗ್ ಅಂಕಲ್ ಅವರು ಯಾವ ಪತ್ರವನ್ನಾದರೂ ಕೊನೆಯಿಂದ ಓದುತ್ತಿದ್ದರು. ಮೊದಲು ಸಹಿ, ಆಮೇಲೆ ಅದರ ಮೇಲಿನ ಸಾಲು, ಹೀಗೆ ಏಣಿ ಹತ್ತಿದಂತೆ ಮೇಲಕ್ಕೆ. ಕಾರಣ ಕೇಳಿದರೆ, "ಕೆಳಗ ಯಾರ ಕೈ ಅದಾ ಅಂತ ಮೊದಲ ನೋಡಬೇಕು ಬೇಟಾ. ಮ್ಯಾಲಿನ ಸಲಾಮೆಲ್ಲ ಹೆದರಿಸಿ ಬರೆಸಿದ್ದಿರಬಹುದು" ಎನ್ನುತ್ತಿದ್ದರು.

ಬರವಣಿಗೆಯಲ್ಲಿ ನನಗೆ ಅನುಭವವಿಲ್ಲ. ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಒಂಬತ್ತು ವರ್ಷ ಪತ್ರಗಳ ಕರಡು ಸಿದ್ಧಪಡಿಸಿದ್ದಷ್ಟೇ ನನ್ನ ಅರ್ಹತೆ. ಆದಕಾರಣ ಸದರಿಯವರ ಬಗ್ಗೆ ತಿಳಿದಷ್ಟನ್ನು, ತಿಳಿದ ಕ್ರಮದಲ್ಲಿಯೇ, ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಬೀದರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಕಲಿಸಿದ ಅವರು, ನಿವೃತ್ತಿಯ ನಂತರ ಮಗಳೊಂದಿಗೆ ಮ್ಯಾನ್‌ಹಟನ್ನಿನ ಹತ್ತಿರದ ಹಿಕ್ಸ್‌ವಿಲ್‌ನಲ್ಲಿ ನೆಲೆಸಿದ್ದರು. ಅದೇ ಊರಿಗೆ ಬಂದು ನೆಲೆಸಿದ್ದ ನಾನು ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಫೋನಿನಲ್ಲಿ ಪತಿಯೊಂದಿಗೆ ಮಾತನಾಡುತ್ತ ಸೊಪ್ಪು ಆರಿಸುತ್ತಿದ್ದಾಗ, ಹಿಂದಿನಿಂದ "ಆ ಕೊತ್ತಂಬರಿ ಬಾಡ್ಯದ, ತಗೋಬ್ಯಾಡ" ಎಂಬ ಕನ್ನಡ ಕೇಳಿಸಿತು. ತಿರುಗಿ ನೋಡಿದರೆ ನೀಲಿ ಪೇಟ, ಬಿಳಿ ಗಡ್ಡ. ನಮ್ಮ ಪರಿಚಯ ಆದದ್ದು ಹೀಗೆ.

ಅವರ ಪೂರ್ವಜರು ಪಂಜಾಬಿನ ಒಂದು ಚಿಕ್ಕ ಸಿಖ್ ಸಂಸ್ಥಾನದವರು. "ಚಿಕ್ಕದು ಅಂದ್ರೆ ಎಷ್ಟು ಅಂಕಲ್?" ಎಂದು ಕೇಳಿದ್ದೆ.

"ಹಿಕ್ಸ್‌ವಿಲ್‌ದಾಗ ಟ್ರೇನ್ ಹತ್ತಿದ್ರ ಮುಂದಿನ ಸ್ಟೇಷನ್ ಬರೋದ್ರಾಗ ನಮ್ಮ ರಾಜ್ಯ ಮುಗೀತಿತ್ತು. ತೋಪಿನ ಸಲಾಮಿ ಇಲ್ಲ, ಫೌಜ್ ಇಲ್ಲ. ಅರಮನಿ ಬಾಗಿಲ ಮ್ಯಾಲ ಒಂದು ನಗಾರಿ. ಅದೇ ನಮ್ಮ ಸರ್ಕಾರ!"

ಆ ನಗಾರಿಯನ್ನು ರಾಜರು ಒಮ್ಮೆ ಬ್ರಿಟಿಷ್ ಏಜೆಂಟರ ಅಪ್ಪಣೆಯಿಲ್ಲದೆ ಯಾತ್ರಿಕರ ಸ್ವಾಗತಕ್ಕೆ ಬಾರಿಸಿದರು. ಏಜೆಂಟರು ಅದನ್ನು ಇಳಿಸಿ ಗಾಡಿಯಲ್ಲಿ ಒಯ್ದರು. ಅಷ್ಟಕ್ಕೇ ಬಿಡದೆ, ಅದು ತಾವೇ ಸಂತೋಷದಿಂದ ಒಪ್ಪಿಸಿದ ನಜರು-ಕಾಣಿಕೆ ಎಂದು ರಾಜರಿಂದ ಪತ್ರವನ್ನೂ ಕೇಳಿದರು. ಪತ್ರ ಕೊಡದಿದ್ದರೆ ಮಗನಿಗೆ ಗಾದಿಯ ಮಾನ್ಯತೆಯಿಲ್ಲ. ಆ ಪತ್ರ ಬರೆದ ಮುನ್ಷಿ ಅಂಕಲ್ ಅವರ ಅಜ್ಜ. "ಮುತ್ತಿನಂಥ ಅಕ್ಷರದಾಗ ಸುಳ್ಳು ಬರ್ದ. ಸಾಯೋ ಮುಂದ ನಮ್ಮಪ್ಪನ ಕೈ ಹಿಡ್ದು ಅತ್ತಿದ್ನಂತ" ಎಂದಿದ್ದರು.

ಅದೇ ನಗಾರಿ ಹಲವರ ಕೈ ದಾಟಿ ಈಗ ಮ್ಯಾನ್‌ಹಟನ್ನಿನ ಒಂದು ವಸ್ತುಸಂಗ್ರಹಾಲಯದ ಗಾಜಿನೊಳಗಿದೆ. ಫಲಕದಲ್ಲಿ 'ಸಂಸ್ಥಾನದ ಪ್ರೀತಿಯ ಕಾಣಿಕೆ' ಎಂದಿದೆ. ತಾವು ಬದುಕಿರುವಾಗಲೇ ಆ ಮಾತು ಅಳಿಯಬೇಕೆಂಬುದು ಅವರ ಏಕೈಕ ಕೋರಿಕೆಯಾಗಿತ್ತು.

"ಕಸ್ಕೊಂಡ್ರು. ಅಷ್ಟ ಬರಿ ಬೇಟಾ" ಎಂದು ಪತ್ರದ ಕೆಲಸವನ್ನು ನನಗೆ ಒಪ್ಪಿಸಿದರು.

ಅಂಥ ಒರಟು ಪತ್ರವನ್ನು ದೊಡ್ಡ ಕಚೇರಿಯವರು ಓದದೆ ಬದಿಗಿಡುವರೆಂದು ನನಗೆ ಭಯವಾಯಿತು. 'ಅಂದಿನ ಏಜೆಂಟರ ಸೂಚನೆಯ ಮೇರೆಗೆ ಸಂಸ್ಥಾನವು ನಗಾರಿಯನ್ನು ಗೌರವಪೂರ್ವಕವಾಗಿ ಹಸ್ತಾಂತರಿಸಿದ ಸಂದರ್ಭವನ್ನು ತಮ್ಮ ಅವಗಾಹನೆಗೆ ತರಲಾಗಿದೆ' ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಅಂದಿನ ಮುನ್ಷಿಯ ಮೊಮ್ಮಗನ ಹೆಸರಿನಲ್ಲಿ ಫಲಕವನ್ನು ಮರುಪರಿಶೀಲಿಸಲು ಕೋರಿದೆ. ಅಂಕಲ್ ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. "ನೀ ಬರ್ದೀ ಅಂದ್ಮ್ಯಾಗ ನಾ ಯಾಕ ಓದ್ಲಿ?" ಎಂದು ಸಹಿ ಮಾಡಿದರು. ಅವರು ಓದದೆ ಸಹಿ ಮಾಡಿದ ಪತ್ರ ನನಗೆ ತಿಳಿದಂತೆ ಅದೊಂದೇ.

ಎರಡು ತಿಂಗಳಿಗೆ ಉತ್ತರ ಬಂತು. ಅಷ್ಟರಲ್ಲಿ ಕಣ್ಣು ತಿಳಿಯಾಗಿತ್ತು. ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿ, ಎಂದಿನಂತೆ ಕೆಳಗಿನಿಂದ ಬೆರಳಿಟ್ಟು ಓದುತ್ತ ಹೋದರು. ಬೆರಳು ಒಂದು ಸಾಲಿನಲ್ಲಿ ನಿಂತಿತು. 'ಗೌರವಪೂರ್ವಕ ಹಸ್ತಾಂತರವನ್ನು ತಾವೇ ಖಚಿತಪಡಿಸಿದ್ದಕ್ಕೆ ಧನ್ಯವಾದಗಳು.'

"ಇದು ನಾ ಹೇಳಿದ್ದಲ್ಲ."

"ಸ್ವಲ್ಪ ಪೊಲೈಟ್ ಆಗಿರ್ಲಿ ಅಂತ, ಅಂಕಲ್..."

"ನಮ್ಮಜ್ಜನ ಕುತ್ತಿಗಿ ಮ್ಯಾಲ ಏಜೆಂಟ್ ಕುಂತಿದ್ದ ಬೇಟಾ. ನಿನ್ನ ಕುತ್ತಿಗಿ ಮ್ಯಾಲ ಯಾರು ಕುಂತಿದ್ರು?"

ಇನ್ನೊಂದು ಪತ್ರ ಬರೆಯುವುದಾಗಿ ಹೇಳಿದೆ. "ಅಜ್ಜಂದೊಂದು, ನಂದೊಂದು, ಎರಡು ಆದ್ವು. ಎರಡರಾಗೂ ನಮ್ಮ ಮನಿತನದ್ದೇ ಕೈ. ಮೂರನೇದು ಯಾರು ನಂಬ್ತಾರ?" ಎಂದರು. ಆಮೇಲೆ ನನ್ನ ಊಟವಾಯಿತೇ ಎಂದು ವಿಚಾರಿಸಿದರು. ಆ ವಿಚಾರಣೆಯನ್ನು ಸಹಿಸಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು. ಅದೇ ಕೊನೆಯ ಭೇಟಿ. ಆ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಮಗಳು ತಿಳಿಸಿದರು.

ಕಳೆದ ತಿಂಗಳು ಒಬ್ಬಳೇ ಟ್ರೇನ್ ಹತ್ತಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅವರ ಪದ್ಧತಿಯಂತೆ ಫಲಕವನ್ನು ಕೆಳಗಿನಿಂದ ಓದಿದೆ. 'ಪ್ರೀತಿಯ ಕಾಣಿಕೆ' ಇದ್ದಲ್ಲೇ ಇದೆ. ಅದರ ಕೆಳಗಿನ ಸಾಲು ಮಾತ್ರ ಹೊಸದು: 'ಮುನ್ಷಿಯ ಮೊಮ್ಮಗನ ಪತ್ರದಿಂದ ದೃಢಪಟ್ಟಿದೆ.'

ಸದರಿ ಪತ್ರದ ಕರಡು ನನ್ನದು.